ಹಿಮ ಬಿಟ್ಟುಕೊಟ್ಟ ಕೊಲ್ಲಿ: ಅಲಾಸ್ಕಾದ ಗ್ಲೇಸಿಯರ್ ಬೇಗೆ ಹಡಗಿನಲ್ಲಿ

1794ರ ಬೇಸಿಗೆಯಲ್ಲಿ ಬ್ರಿಟಿಷ್ ನಾವಿಕ ಜಾರ್ಜ್ ವ್ಯಾಂಕೂವರ್‌ನ ತಂಡ ಅಲಾಸ್ಕಾದ ಕರಾವಳಿಯ ನಕ್ಷೆ ಬರೆಯುತ್ತಿತ್ತು. ಆ ತಂಡದ ಜೋಸೆಫ್ ವಿಡ್ಬಿ ಸಣ್ಣ ದೋಣಿಗಳಲ್ಲಿ ಐಸಿ ಸ್ಟ್ರೇಟ್ ಎಂಬ ಜಲಸಂಧಿಯನ್ನು ಅಳೆಯುತ್ತಾ ಬಂದ. ಉತ್ತರದ ದಡದಲ್ಲಿ ಒಂದು ಕಡೆ ಸಮುದ್ರ ಸುಮಾರು ಎಂಟು ಕಿ.ಮೀ. ಒಳಕ್ಕೆ ಬಾಗಿತ್ತು. ಅಷ್ಟಕ್ಕೇ ನೀರು ಮುಗಿದಿತ್ತು. ಮುಂದೆ ಇದ್ದದ್ದೆಲ್ಲ ಹಿಮ.

ಆ ಹಿಮನದಿ ಕೆಲವು ಕಡೆ 1,200 ಮೀಟರ್ ದಪ್ಪ ಇತ್ತು. ಅಗಲ 30 ಕಿ.ಮೀ.ವರೆಗೆ, ಉದ್ದ 160 ಕಿ.ಮೀ.ಗೂ ಜಾಸ್ತಿ. ಇವತ್ತು ಅದೇ ಜಾಗದಲ್ಲಿ ಹಡಗು 105 ಕಿ.ಮೀ. ಒಳಗೆ ಹೋಗುತ್ತದೆ. ಹಡಗಿನ ಅಡಿಯಲ್ಲಿ ನೀರಿನ ಆಳ ಕೆಲವೆಡೆ 400 ಮೀಟರ್ ದಾಟುತ್ತದೆ. ಅಷ್ಟು ಹಿಮ ಎಲ್ಲಿ ಹೋಯಿತು?

ಗ್ಲೇಸಿಯರ್ ಬೇಗೆ ಹೊರಡುವವರು ಈ ಒಂದು ಪ್ರಶ್ನೆಯನ್ನು ಜೊತೆಗೆ ಇಟ್ಟುಕೊಂಡು ಹೋಗಬೇಕು ಅನ್ನೋದು ನನ್ನ ಆಸೆ. ಒಳಗೆ ಹೋದ ಹಾಗೆ ಕಾಡು ಯಾಕೆ ಗಿಡ್ಡವಾಗುತ್ತದೆ, ತಿಮಿಂಗಿಲಗಳು ಯಾಕೆ ಕೊಲ್ಲಿಯ ಬಾಯಲ್ಲೇ ಸೇರುತ್ತವೆ, ಸೀಲ್‌ಗಳಿರುವ ಕಡೆ ಹಡಗನ್ನು ಯಾಕೆ ಬಿಡುವುದಿಲ್ಲ ಎಂಬುದಕ್ಕೆಲ್ಲ ಉತ್ತರ ಅಲ್ಲಿಂದಲೇ ಶುರುವಾಗುತ್ತದೆ. ಈ ಕೊಲ್ಲಿ ತೀರಾ ಹೊಸದು. ಇನ್ನೂ ಪೂರ್ತಿ ತಯಾರಾಗಿಲ್ಲ.

ಹಿಮ ಓಡಿಹೋದ ಬಗೆ

1794ರಲ್ಲಿ ಬಾಯಿಯ ಹತ್ತಿರ ಇದ್ದ ಹಿಮ, 1879ರಲ್ಲಿ ಪ್ರಕೃತಿತಜ್ಞ ಜಾನ್ ಮ್ಯೂರ್ ಅಲ್ಲಿನ ಮೂಲನಿವಾಸಿಗಳಾದ ಟ್ಲಿಂಗಿಟ್ ಜನರ ಜೊತೆ ದೋಣಿಯಲ್ಲಿ ಬಂದಾಗ 50 ಕಿ.ಮೀ.ಗೂ ಹೆಚ್ಚು ಹಿಂದೆ ಸರಿದಿತ್ತು. 1916ರ ಹೊತ್ತಿಗೆ ಅದರ ಮುಖ್ಯ ಕವಲಾದ ಗ್ರ್ಯಾಂಡ್ ಪೆಸಿಫಿಕ್ ಹಿಮನದಿ 105 ಕಿ.ಮೀ. ಹಿಂದೆ, ಟಾರ್ ಇನ್‌ಲೆಟ್ ಎಂಬ ಕವಲಿನ ಕೊನೆಯಲ್ಲಿ ನಿಂತಿತ್ತು. ಅಂದರೆ ಹಿಮದ ಬಹುಭಾಗ ಹೋದದ್ದು ಜಗತ್ತಿನಲ್ಲಿ ಕಾರು, ವಿಮಾನ ಹೆಚ್ಚಾಗುವ ಮೊದಲೇ. ಇದು ತುಂಬಾ ಜನರನ್ನು ಗೊಂದಲಕ್ಕೆ ಹಾಕುತ್ತದೆ. ಹಾಗಾದರೆ ಹಿಮ ಕರಗೋದಕ್ಕೂ ಮನುಷ್ಯರಿಗೂ ಸಂಬಂಧವೇ ಇಲ್ಲ ಅಂತ ಕೆಲವರು ಹೇಳಿಬಿಡುತ್ತಾರೆ. ಅದು ಸರಿಯಲ್ಲ. ಯಾಕೆ ಅಂತ ತಿಳಿಯಬೇಕಾದರೆ ಸಮುದ್ರಕ್ಕೆ ಬಂದು ಸೇರುವ ಹಿಮನದಿ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಬೇಕು.

ಇಲ್ಲಿ ಹಿಮ ಬರುವುದು ಫೇರ್‌ವೆದರ್ ಬೆಟ್ಟಸಾಲಿನಿಂದ. ಅದರ ಅತಿ ಎತ್ತರದ ಶಿಖರ 4,671 ಮೀಟರ್. ಸಮುದ್ರ ಕೂಗಳತೆಯಲ್ಲೇ ಇದೆ. ಪೆಸಿಫಿಕ್ ಕಡೆಯಿಂದ ಬರುವ ತೇವದ ಗಾಳಿ ಆ ಬೆಟ್ಟಕ್ಕೆ ಬಡಿದು ಹಿಮವಾಗಿ ಸುರಿಯುತ್ತದೆ. ವರ್ಷದಿಂದ ವರ್ಷಕ್ಕೆ ಒಂದರ ಮೇಲೊಂದು ಪದರ ಕೂತು, ತಳದ ಹಿಮ ಒತ್ತಡಕ್ಕೆ ಗಟ್ಟಿಯಾಗುತ್ತದೆ. ಮಂಜುಗಡ್ಡೆಯಾದ ಅದು ತನ್ನ ಭಾರಕ್ಕೆ ತಾನೇ ನಿಧಾನವಾಗಿ ಕೆಳಗೆ ಹರಿಯುತ್ತದೆ. ಹರಿಯುವಾಗ ಬೆಟ್ಟವನ್ನು ಉಜ್ಜಿ, ಕಲ್ಲುಮಣ್ಣನ್ನು ತಳ್ಳಿಕೊಂಡು ಬರುತ್ತದೆ.

ಆ ಕಲ್ಲುಮಣ್ಣು ಹಿಮನದಿಯ ಮೂತಿಯ ಮುಂದೆ, ನೀರಿನಡಿ, ಒಂದು ದಿಬ್ಬವಾಗಿ ಕೂರುತ್ತದೆ. ಈ ದಿಬ್ಬವೇ ಅದರ ರಕ್ಷಣೆ. ಮೂತಿ ದಿಬ್ಬದ ಮೇಲೆ ಕೂತಿರುವವರೆಗೆ ಎದುರಿನ ನೀರು ಆಳವಿಲ್ಲ. ಹಾಗಾಗಿ ಹಿಮ ಒಡೆದು ಬೀಳುವುದು ಕಡಿಮೆ. ಹಿಮನದಿ ದಿಬ್ಬದ ಹಿಂಬದಿಯ ಮಣ್ಣನ್ನು ಕೆರೆದು ಮುಂಬದಿಗೆ ಹಾಕುತ್ತಾ, ದಿಬ್ಬವನ್ನೂ ತನ್ನ ಜೊತೆ ಮುಂದೆ ತಳ್ಳುತ್ತದೆ. ಹೀಗೆ ನೂರಾರು ವರ್ಷ ನಿಧಾನವಾಗಿ ಮುಂದೆ ಬರುತ್ತದೆ.

ಸ್ವಲ್ಪ ಬಿಸಿಯ ಕಾಲ ಬಂದು ಹಿಮ ತೆಳ್ಳಗಾಯಿತು ಅಂದುಕೊಳ್ಳಿ. ಮೂತಿ ದಿಬ್ಬದಿಂದ ಹಿಂದಕ್ಕೆ ಸರಿಯುತ್ತದೆ. ಹಿಂದೆ ಇರುವುದು ಹಿಮನದಿಯೇ ಕೊರೆದ ಆಳವಾದ ಕಂದಕ. ಅಲ್ಲಿ ಸಮುದ್ರದ ನೀರು ಒಳನುಗ್ಗಿ ಹಿಮವನ್ನು ಮೇಲಕ್ಕೆತ್ತುತ್ತದೆ, ಅಡಿಯಿಂದ ಕರಗಿಸುತ್ತದೆ. ಹಿಮ ದೊಡ್ಡ ದೊಡ್ಡ ತುಂಡುಗಳಾಗಿ ಕಳಚಿ ಬೀಳುತ್ತದೆ. ಬೆಟ್ಟದಿಂದ ಬರುವ ಹಿಮಕ್ಕಿಂತ ಬೀಳುವುದೇ ಜಾಸ್ತಿಯಾದಾಗ ಮೂತಿ ಇನ್ನೂ ಹಿಂದೆ ಹೋಗುತ್ತದೆ. ಅಲ್ಲೂ ಆಳ. ಮತ್ತೆ ಆಳವಿಲ್ಲದ ನೆಲೆ ಸಿಗುವವರೆಗೆ ಈ ಓಟ ನಿಲ್ಲುವುದಿಲ್ಲ. ಆಗ ಹವಾಮಾನ ತಣ್ಣಗಾದರೂ ಪ್ರಯೋಜನವಿಲ್ಲ.

ಗ್ಲೇಸಿಯರ್ ಬೇಯಲ್ಲಿ ಆದದ್ದು ಇದೇ. ಪುಟ್ಟ ಹಿಮಯುಗ ಎಂದು ಕರೆಯುವ ಚಳಿಯ ಕಾಲದಲ್ಲಿ, 1750ರ ಆಸುಪಾಸಿನಲ್ಲಿ, ಹಿಮ ತನ್ನ ಕೊನೆಯ ಗಡಿ ಮುಟ್ಟಿತು. ಆಮೇಲೆ ಕಾಲ ಸ್ವಲ್ಪ ಬೆಚ್ಚಗಾಯಿತು. ಕಿಡಿ ಅದು. ಮುಂದಿನದನ್ನೆಲ್ಲ ಆಳದ ನೀರು ಮಾಡಿತು.

ಈಗಿನ ಮಾತು ಬೇರೆ. 1941ರ ಆಗಸ್ಟ್‌ನಲ್ಲಿ ವಿಲಿಯಂ ಫೀಲ್ಡ್ ಎಂಬ ವಿಜ್ಞಾನಿ ಇದೇ ಕೊಲ್ಲಿಯ ಇನ್ನೊಂದು ಕವಲಿನ ಮ್ಯೂರ್ ಹಿಮನದಿಯ ಫೋಟೊ ತೆಗೆದರು. 2004ರ ಆಗಸ್ಟ್‌ನಲ್ಲಿ ಬ್ರೂಸ್ ಮೋಲ್ನಿಯಾ ಅದೇ ಜಾಗದಲ್ಲಿ ನಿಂತು ಮತ್ತೆ ತೆಗೆದರು. ಮೊದಲನೆಯದರಲ್ಲಿ ಕಣಿವೆ ತುಂಬಾ ಹಿಮ. ಎರಡನೆಯದರಲ್ಲಿ ನೀರು, ಹಸಿರು ದಡ. ಮ್ಯೂರ್ ಹಿಮನದಿ ಈಗ ಸಮುದ್ರವನ್ನು ಮುಟ್ಟುವುದೇ ಇಲ್ಲ. ಸಮುದ್ರ ಬಿಟ್ಟು ನೆಲದ ಮೇಲೆ ನಿಂತ ಹಿಮನದಿಗಳು ಆಳದ ನೀರಿನ ಆಟದಿಂದ ಹೊರಗಿವೆ. ಅಂಥವೂ ತೆಳ್ಳಗಾಗುತ್ತಾ ಹೋಗುತ್ತಿವೆ ಅಂದರೆ ಗಾಳಿಯೇ ಬಿಸಿಯಾಗಿದೆ ಅಂತ ಅರ್ಥ. ಇದರ ನಡುವೆಯೂ ಜಾನ್ಸ್ ಹಾಪ್ಕಿನ್ಸ್ ಹಿಮನದಿ 1920ರ ದಶಕದ ನಂತರ ಬಹುಕಾಲ ಮುಂದಕ್ಕೇ ಬಂತು. ಎತ್ತರದ ಬೆಟ್ಟದಿಂದ ಹಿಮದ ಪೂರೈಕೆ, ಮೂತಿಯಡಿ ಗಟ್ಟಿ ದಿಬ್ಬ, ಎರಡೂ ಅದಕ್ಕೆ ಇದ್ದವು. ಒಂದು ಹಿಮನದಿಯನ್ನು ನೋಡಿ ಹವಾಮಾನದ ಬಗ್ಗೆ ತೀರ್ಪು ಕೊಡುವವರನ್ನು ನಂಬಬೇಡಿ, ಅವರು ಯಾವ ಕಡೆಯವರಾದರೂ ಸರಿ.

ಮೊದಲು ಅಲ್ಲಿ ಮನೆ ಮಾಡಿದ್ದವರು

ಖಾಲಿ ಕಾಡು ನೋಡಲು ಹೋಗುತ್ತಿದ್ದೇವೆ ಅಂತ ಭಾವಿಸಿದರೆ ತಪ್ಪಾಗುತ್ತದೆ. ಹಿಮ ಮುಂದೆ ಬರುವ ಮೊದಲು ಇಲ್ಲಿ ಕಣಿವೆ ಇತ್ತು, ಸಾಲ್ಮನ್ ಮೀನಿನ ಹೊಳೆ ಇತ್ತು, ಹೂನಾ ಟ್ಲಿಂಗಿಟ್ ಜನರ ಊರುಗಳಿದ್ದವು. ನಾಯಿ ಓಡುವಷ್ಟು ವೇಗವಾಗಿ ಹಿಮ ಬಂತು ಎಂದು ಅವರ ಹಿರಿಯರ ಕಥೆ ಹೇಳುತ್ತದೆ. ಅವರು ಊರು ಬಿಟ್ಟು ಜಲಸಂಧಿಯ ಆಚೆಗೆ ಹೋದರು. ಅವರ ವಂಶದವರು ಈಗ ಇರುವ ಊರು ಹೂನಾ.

ಹಿಮ ಹಿಂದೆ ಸರಿದ ಮೇಲೆ ಅವರು ಬೇಟೆಗೆ, ಮೀನಿಗೆ, ಗಲ್ ಎಂಬ ಕಡಲಹಕ್ಕಿಯ ಮೊಟ್ಟೆಗೆ ಮತ್ತೆ ಬರತೊಡಗಿದ್ದರು. 1925ರಲ್ಲಿ ಅಮೆರಿಕದ ಸರ್ಕಾರ ಇದನ್ನು ರಾಷ್ಟ್ರೀಯ ಸ್ಮಾರಕ ಎಂದು ಘೋಷಿಸಿತು, 1980ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಕಾಯ್ದೆಗಳು ಬಿಗಿಯಾದಂತೆ ಅವರ ಹಳೆಯ ಹಕ್ಕುಗಳು ಒಂದೊಂದಾಗಿ ಕೈತಪ್ಪಿದವು. ಮೊದಲು ಹಿಮ ಹೊರಗೆ ಹಾಕಿತು, ಆಮೇಲೆ ಕಾಯ್ದೆ. ಮೊಟ್ಟೆ ಸಂಗ್ರಹಕ್ಕೆ ಮತ್ತೆ ಅವಕಾಶ ಕೊಡುವ ಕಾನೂನು ಬಂದದ್ದು 2014ರಲ್ಲಿ. 2016ರಲ್ಲಿ ಕೊಲ್ಲಿಯ ಬಾಯಿಯ ಹತ್ತಿರದ ಬಾರ್ಟ್ಲೆಟ್ ಕೋವ್‌ನಲ್ಲಿ ಅವರ ಕುಲಗಳ ಮನೆ 'ಹೂನಾ ಶುಕಾ ಹೀತ್' ಬಾಗಿಲು ತೆರೆಯಿತು. ನಿಮ್ಮ ಹಡಗು ಅಲ್ಲಿ ನಿಲ್ಲುವುದಾದರೆ, ಕೆತ್ತನೆಯ ಆ ಮನೆಯ ಮುಂದೆ ಒಂದಿಷ್ಟು ಹೊತ್ತು ನಿಲ್ಲಿ. ಹಿಮನದಿ ನೋಡುವಷ್ಟೇ ಅದೂ ಮುಖ್ಯ.

ಹಡಗು, ಕೋಟಾ, ರೇಂಜರ್

ಹೊರಗಿನಿಂದ ಇಲ್ಲಿಗೆ ರಸ್ತೆ ಇಲ್ಲ. ಹತ್ತಿರದ ದೊಡ್ಡ ಪಟ್ಟಣ ಜುನೋಗೇ ಹೊರಗಿನಿಂದ ರಸ್ತೆ ಇಲ್ಲ. ಹಾಗಾಗಿ ಬಹುಪಾಲು ಜನ ನೀರಿನ ಮೇಲೇ ಬರುತ್ತಾರೆ. ಪ್ರವಾಸಿಗರನ್ನು ಹೊತ್ತ ಉಗಿಹಡಗು ಮೊದಲು ಬಂದದ್ದು 1883ರಲ್ಲೇ. 1899ರ ಸೆಪ್ಟೆಂಬರ್‌ನಲ್ಲಿ ದೊಡ್ಡ ಭೂಕಂಪವಾಗಿ, ಮ್ಯೂರ್ ಹಿಮನದಿ ಒಡೆದು, ಕೊಲ್ಲಿ ತುಂಬಾ ಮಂಜುಗಡ್ಡೆ ತುಂಬಿಕೊಂಡಿತು. ಆಮೇಲೆ ವರ್ಷಗಟ್ಟಲೆ ಹಡಗುಗಳು ಒಳಗೆ ಬರಲಾಗಲಿಲ್ಲ.

ಈಗ ತಡೆಯುವುದು ಕೋಟಾ. ಬೇಸಿಗೆಯಲ್ಲಿ ದಿನಕ್ಕೆ ದೊಡ್ಡ ಕ್ರೂಸ್ ಹಡಗು ಎರಡೇ. ಸಣ್ಣ ಪ್ರವಾಸಿ ಹಡಗು ಮೂರು. ಖಾಸಗಿ ದೋಣಿ ಇಪ್ಪತ್ತೈದು. ಎಷ್ಟೇ ದುಡ್ಡು ಕೊಡುತ್ತೇವೆ ಅಂದರೂ ಮೂರನೆಯ ದೊಡ್ಡ ಹಡಗಿಗೆ ಆ ದಿನ ಜಾಗವಿಲ್ಲ.

ದೊಡ್ಡ ಹಡಗಿಗೂ ಸಣ್ಣ ಎಕ್ಸ್‌ಪೆಡಿಷನ್ ಹಡಗಿಗೂ ವ್ಯತ್ಯಾಸ ತುಂಬಾ ಇದೆ. ದೊಡ್ಡದರಲ್ಲಿ ಸಾವಿರಾರು ಜನ. ಅದು ಎಲ್ಲೂ ದಡ ಮುಟ್ಟದೆ, ಒಂದು ಹಗಲಿನಲ್ಲಿ ಒಳಗೆ ಹೋಗಿ ಹೊರಗೆ ಬರುತ್ತದೆ. ಸಣ್ಣದರಲ್ಲಿ ಕೆಲವು ಡಜನ್ ಜನರಿಂದ ನೂರರ ಆಸುಪಾಸು. ಅದು ರಾತ್ರಿ ಕೊಲ್ಲಿಯೊಳಗೇ ತಂಗಬಹುದು, ಇಕ್ಕಟ್ಟಿನ ಕವಲುಗಳಿಗೆ ಹೋಗಬಹುದು. ಅನುಮತಿ ಇದ್ದರೆ ಕಯಾಕ್ ಅಥವಾ ರಬ್ಬರ್ ದೋಣಿಯಲ್ಲಿ ದಡಕ್ಕೂ ಇಳಿಸುತ್ತದೆ. ಕೈಗೆಟುಕುವುದಾದರೆ ಸಣ್ಣದನ್ನೇ ಆರಿಸಿ ಎನ್ನುತ್ತೇನೆ. ಆದರೆ ಅದರ ಟಿಕೆಟ್ ಸಾಮಾನ್ಯವಾಗಿ ತುಂಬಾ ದುಬಾರಿ. ದೊಡ್ಡ ಹಡಗಿನ ಡೆಕ್ ಮೇಲಿಂದ ಕಾಣುವ ಹಿಮನದಿಯೂ ಅದೇ ಹಿಮನದಿ. ಅದರಲ್ಲಿ ಬೇಸರಪಡಬೇಕಾದ್ದೇನೂ ಇಲ್ಲ.

ದೊಡ್ಡ ಹಡಗು ಬಾರ್ಟ್ಲೆಟ್ ಕೋವ್ ಹತ್ತಿರ ಬಂದಾಗ ಪಕ್ಕಕ್ಕೆ ಒಂದು ಪುಟ್ಟ ದೋಣಿ ಬರುತ್ತದೆ. ಹಡಗು ಪೂರ್ತಿ ನಿಲ್ಲುವುದಿಲ್ಲ. ಹೊರಮೈಯಲ್ಲಿ ಹಗ್ಗದ ಏಣಿ ಇಳಿಬಿಟ್ಟಿರುತ್ತಾರೆ. ಉದ್ಯಾನದ ಸಿಬ್ಬಂದಿಯಾದ ರೇಂಜರ್‌ಗಳು ದೋಣಿಯ ತುದಿಗೆ ಬಂದು, ಅಲೆ ಮೇಲೆತ್ತುವ ಹೊತ್ತು ನೋಡಿ ಏಣಿ ಹಿಡಿದು ಹತ್ತುತ್ತಾರೆ. ಕೆಳಗೆ ಕೊರೆಯುವ ನೀರು. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಇದು ನಡೆದುಹೋಗುತ್ತದೆ, ಬಹಳ ಪ್ರಯಾಣಿಕರು ನೋಡುವುದೇ ಇಲ್ಲ. ಬೇಗ ಎದ್ದು ಡೆಕ್‌ಗೆ ಹೋಗಿ ನೋಡಿ. ದಿನವಿಡೀ ಮೈಕಿನಲ್ಲಿ ನಿಮಗೆ ಕೊಲ್ಲಿಯ ಕಥೆ ಹೇಳುವವರು ಇವರೇ.

ಬಾಯಿಯಲ್ಲಿ ತಿಮಿಂಗಿಲ, ಒಳಗೆ ಬರಿಯ ಕಲ್ಲು

ಹಿಮನದಿ ಬಿಟ್ಟುಹೋದ ಕಲ್ಲುಮಣ್ಣಿನ ದಿಬ್ಬ ಕೊಲ್ಲಿಯ ಬಾಯಿಯಲ್ಲಿ ನೀರಿನಡಿ ಈಗಲೂ ಇದೆ. ಇಲ್ಲಿ ಉಬ್ಬರ ಇಳಿತದ ವ್ಯತ್ಯಾಸ ಏಳು ಮೀಟರ್ ದಾಟುವ ದಿನಗಳಿವೆ. ಅಷ್ಟು ನೀರು ದಿನಕ್ಕೆ ಎರಡು ಸಲ ಈ ದಿಬ್ಬ ಹತ್ತಿ ಇಳಿಯಬೇಕು. ಆ ರಭಸಕ್ಕೆ ತಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೆ ಬಂದು ಬೆರೆಯುತ್ತದೆ. ಬೇಸಿಗೆಯ ಉದ್ದನೆಯ ಹಗಲಿನಲ್ಲಿ ನೀರಿನಲ್ಲಿ ತೇಲುವ ಪುಟ್ಟ ಜೀವಿಗಳಾದ ಪ್ಲಾಂಕ್ಟನ್ ಹುಲುಸಾಗಿ ಬೆಳೆಯುತ್ತದೆ. ಅದನ್ನು ತಿನ್ನಲು ಸಣ್ಣ ಮೀನು, ಮೀನನ್ನು ತಿನ್ನಲು ಹಂಪ್‌ಬ್ಯಾಕ್ ತಿಮಿಂಗಿಲ. ಚಳಿಗಾಲವನ್ನು ಹವಾಯಿಯಲ್ಲಿ ಕಳೆದು, ಹೆಚ್ಚೂಕಡಿಮೆ ಉಪವಾಸದಲ್ಲೇ ಈಜಿ ಬರುವ ಪ್ರಾಣಿಗಳು ಇವು.

ಬಾರ್ಟ್ಲೆಟ್ ಕೋವ್‌ನಲ್ಲಿ ಒಂದು ತಿಮಿಂಗಿಲದ ಪೂರ್ತಿ ಅಸ್ಥಿಪಂಜರ ಇಟ್ಟಿದ್ದಾರೆ. ಸುಮಾರು 14 ಮೀಟರ್ ಉದ್ದ. ಸಂಶೋಧಕರ ಪಟ್ಟಿಯಲ್ಲಿ ಅವಳ ನಂಬರ್ 68, ಹೆಸರು ಸ್ನೋ. ಬಾಲದ ಮೇಲಿನ ಬಿಳಿ ಮಚ್ಚೆಗಳಿಂದ ಅವಳನ್ನು ಗುರುತಿಸುತ್ತಿದ್ದರು. 1975ರಲ್ಲಿ ಮೊದಲು ಕಂಡವಳು. 2001ರ ಜುಲೈನಲ್ಲಿ ಕೊಲ್ಲಿಯ ಬಾಯಿಯ ಹತ್ತಿರ ಸತ್ತು ತೇಲುತ್ತಿದ್ದಳು. ತಲೆಬುರುಡೆ ಒಡೆದಿತ್ತು. ಕ್ರೂಸ್ ಹಡಗು ಡಿಕ್ಕಿ ಹೊಡೆದಿತ್ತು. ಅವಳು ಗಬ್ಬವಾಗಿದ್ದಳು.

ತಿಮಿಂಗಿಲ ಜಾಸ್ತಿ ಇರುವ ಕಡೆ ಹಡಗಿನ ವೇಗವನ್ನು 13 ನಾಟ್‌ಗೆ, ಅಂದರೆ ಗಂಟೆಗೆ ಸುಮಾರು 24 ಕಿ.ಮೀ.ಗೆ ಮಿತಿಗೊಳಿಸುತ್ತಾರೆ. ತಿಮಿಂಗಿಲದಿಂದ ಹೆಚ್ಚೂಕಡಿಮೆ 460 ಮೀಟರ್ ದೂರ ಇರಬೇಕು. ಹಡಗು ಯಾಕಿಷ್ಟು ನಿಧಾನ ಅಂತ ಗೊಣಗುವವರು ಪ್ರತಿ ಪ್ರಯಾಣದಲ್ಲೂ ಇರುತ್ತಾರೆ. ಅವರಿಗೆ ಸ್ನೋ ಕಥೆ ಹೇಳಿ.

ಬಾಯಿ ದಾಟಿ ಉತ್ತರಕ್ಕೆ ಹೊರಟ ಮೇಲೆ ದಡವನ್ನು ನೋಡುತ್ತಿರಿ. ಬಾರ್ಟ್ಲೆಟ್ ಕೋವ್ ಸುತ್ತ ಸ್ಪ್ರೂಸ್ ಮತ್ತು ಹೆಮ್ಲಾಕ್ ಮರಗಳ ದಟ್ಟ ಕಾಡು. ಅಲ್ಲಿಂದ ಹಿಮ ಹೋಗಿ ಸುಮಾರು ಇನ್ನೂರು ವರ್ಷವಾಯಿತು. ಒಳಗೆ ಹೋದಂತೆ ಮರಗಳು ಚಿಕ್ಕವಾಗುತ್ತವೆ. ಆಮೇಲೆ ಆಲ್ಡರ್ ಪೊದೆಗಳು. ಇನ್ನೂ ಮುಂದೆ ನೆಲಕ್ಕೆ ಅಂಟಿಕೊಂಡು ಬೆಳೆಯುವ ಡ್ರೈಯಾಸ್ ಗಿಡ, ಪಾಚಿ. ಕೊನೆಗೆ ಬೋಳು ಕಲ್ಲು. ಪ್ರತಿ ಕಿಲೋಮೀಟರಿಗೂ ನೀವು ಕಾಲದಲ್ಲಿ ಹಿಂದೆ ಹೋಗುತ್ತಿರುತ್ತೀರಿ.

ಹಿಮ ಬಿಟ್ಟ ನೆಲದಲ್ಲಿ ಸಾರಜನಕ ಹೆಚ್ಚೂಕಡಿಮೆ ಇರುವುದೇ ಇಲ್ಲ. ಡ್ರೈಯಾಸ್ ಮತ್ತು ಆಲ್ಡರ್ ಬೇರುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುತ್ತವೆ. ಹಾಗೆ ಹದವಾದ ಮಣ್ಣಿನಲ್ಲಿ ಸ್ಪ್ರೂಸ್ ಬೇರೂರುತ್ತದೆ. ಅದು ಎತ್ತರ ಬೆಳೆದು ನೆರಳು ಹಾಕಿದಾಗ, ನೆಲ ತಯಾರು ಮಾಡಿಕೊಟ್ಟ ಆಲ್ಡರ್ ಸಾಯುತ್ತದೆ. ಸಸ್ಯವಿಜ್ಞಾನಿ ವಿಲಿಯಂ ಕೂಪರ್ 1916ರಲ್ಲಿ ಇಲ್ಲಿ ಚಿಕ್ಕ ಚಿಕ್ಕ ಜಾಗಗಳನ್ನು ಗುರುತುಮಾಡಿ ಯಾವ ಗಿಡ ಯಾವಾಗ ಬರುತ್ತದೆ ಎಂದು ಬರೆದಿಡಲು ಶುರುಮಾಡಿದರು. ಅದೇ ಜಾಗಗಳನ್ನು ಅವರ ನಂತರದವರೂ ನೋಡಿಕೊಂಡು ಬಂದಿದ್ದಾರೆ. ಈ ಪ್ರದೇಶವನ್ನು ಉಳಿಸಬೇಕೆಂದು ಸರ್ಕಾರದ ಬೆನ್ನು ಹತ್ತಿದವರಲ್ಲಿ ಕೂಪರ್ ಮುಖ್ಯರು. ಅಂದರೆ 1925ರ ಘೋಷಣೆಯ ಹಿಂದೆ ಹಿಮದಷ್ಟೇ ಈ ಪೊದೆಗಳೂ ಇವೆ.

ನೆಲವೂ ಸುಮ್ನೆ ಕೂತಿಲ್ಲ. ಅಷ್ಟು ಹಿಮದ ಭಾರ ಇಳಿದ ಮೇಲೆ ಭೂಮಿಯ ಹೊರಪದರ ಮೇಲಕ್ಕೆ ಬರುತ್ತಿದೆ, ವರ್ಷಕ್ಕೆ ಎರಡೂವರೆಯಿಂದ ಮೂರು ಸೆಂಟಿಮೀಟರ್. ಜಗತ್ತಿನ ಬಹುಕಡೆ ಸಮುದ್ರ ಏರುತ್ತಿದ್ದರೆ ಇಲ್ಲಿ ದಡವೇ ಸಮುದ್ರದಿಂದ ಮೇಲೇಳುತ್ತಿದೆ.

ಹಿಮದ ಎದುರು

ಟಾರ್ ಇನ್‌ಲೆಟ್‌ನ ಕೊನೆಯಲ್ಲಿ ಎರಡು ಹಿಮನದಿ ಅಕ್ಕಪಕ್ಕ ಇವೆ. ಒಂದು ಗ್ರ್ಯಾಂಡ್ ಪೆಸಿಫಿಕ್. ಮೈತುಂಬಾ ಕಲ್ಲುಮಣ್ಣು ಹೊದ್ದು ಕಪ್ಪಾಗಿದೆ. ಇದು ಹಿಮನದಿ ಅಂತ ಹೇಳಿದರೂ ಯಾರೂ ನಂಬುವುದಿಲ್ಲ. ಎಲ್ಲರ ಕ್ಯಾಮೆರಾ ತಿರುಗುವುದು ಪಕ್ಕದ ಮಾರ್ಜರಿ ಕಡೆಗೆ. ಸುಮಾರು 34 ಕಿ.ಮೀ. ಉದ್ದ, ಮುಖದ ಅಗಲ ಒಂದೂವರೆ ಕಿ.ಮೀ.ಗೂ ಹೆಚ್ಚು. ನೀಲಿ ಬಣ್ಣ, ಮೇಲೆ ಮುರಿದ ಗೋಪುರಗಳು. ಕೊಲ್ಲಿಯನ್ನೆಲ್ಲ ಕೊರೆದದ್ದು ಆ ಕಪ್ಪು ಹಿಮನದಿಯೇ ಎಂದು ಗೊತ್ತಿದ್ದವರು ಅದಕ್ಕೂ ಒಂದು ಫೋಟೊ ಮೀಸಲಿಡುತ್ತಾರೆ.

ನೀಲಿ ಯಾಕೆ? ತಾಜಾ ಹಿಮದಲ್ಲಿ ಗಾಳಿ ತುಂಬಿರುತ್ತದೆ. ಬೆಳಕು ಒಳಗೆ ಹೋಗದೆ ಚದುರಿ ಬಿಳಿ ಕಾಣುತ್ತದೆ. ಒತ್ತಡಕ್ಕೆ ಗಾಳಿಗುಳ್ಳೆ ಕುಗ್ಗಿದ ಗಟ್ಟಿ ಮಂಜಿನೊಳಗೆ ಬೆಳಕು ಆಳಕ್ಕೆ ಇಳಿಯುತ್ತದೆ. ಆ ದಾರಿಯಲ್ಲಿ ಮಂಜು ಕೆಂಪನ್ನು ಹೀರಿಕೊಂಡು ನೀಲಿಯನ್ನು ಬಿಡುತ್ತದೆ. ಮೋಡದ ದಿನ ಈ ನೀಲಿ ಇನ್ನೂ ಗಾಢ. ಹಾಗಾಗಿ ಬಿಸಿಲಿಲ್ಲ ಅಂತ ಕೊರಗಬೇಡಿ.

ಹಡಗು ಮುಖದಿಂದ ದೂರದಲ್ಲೇ ನಿಲ್ಲುತ್ತದೆ. ನೀರಿನಿಂದ 75 ಮೀಟರ್‌ನಷ್ಟು ಎತ್ತರಕ್ಕೆ ನಿಂತ ಮುಖದಿಂದ ತುಂಡು ಬಿದ್ದರೆ ಅಲೆ ಏಳುತ್ತದೆ. ನೀರಿನಡಿಯ ಭಾಗದಿಂದ ಕಳಚಿದ ತುಂಡು ಎಚ್ಚರಿಕೆಯೇ ಇಲ್ಲದೆ ಮೇಲೆ ಚಿಮ್ಮಬಹುದು. ತೇಲುವ ಮಂಜುಗಡ್ಡೆಯ ಹತ್ತನೇ ಒಂಬತ್ತು ಪಾಲು ನೀರಿನಡಿ ಇರುತ್ತದೆ. ಕರಗುತ್ತಾ ತೂಕ ತಪ್ಪಿದಾಗ ಅದು ಹಠಾತ್ತನೆ ಮಗುಚುತ್ತದೆ. ಕಯಾಕ್‌ನಲ್ಲಿ ಹೋಗುವವರಿಗೆ ಗೈಡ್‌ಗಳು ಗಡ್ಡೆ ಮುಟ್ಟಬೇಡಿ ಎನ್ನುವುದು ಇದಕ್ಕೇ.

ಕಾಯುವಾಗ ಕಣ್ಣಿಗಿಂತ ಕಿವಿ ಮುಖ್ಯ. ಮೊದಲು ಬಂದೂಕು ಸಿಡಿದಂಥ ಸದ್ದು ಕೇಳುತ್ತದೆ. ಒಳಗಿನ ಬಿರುಕು ಅದು. ಒಂದಿಷ್ಟು ಪುಡಿ ಉದುರುತ್ತದೆ. ಅದೇ ಜಾಗವನ್ನು ನೋಡುತ್ತಿರಿ. ತುಂಡು ಬೀಳುವುದು ಕಾಣುತ್ತದೆ, ಆದರೆ ಸದ್ದಿಲ್ಲ. ಒಂದೆರಡು ಸೆಕೆಂಡ್ ಕಳೆದ ಮೇಲೆ ಗುಡುಗು. ಸದ್ದು ಕೇಳಿ ತಿರುಗಿದವರಿಗೆ ಏಳುವ ನೀರು ಮಾತ್ರ ಸಿಗುತ್ತದೆ. ಆಮೇಲೆ ಹಡಗಿನ ಸುತ್ತ ತೇಲಿ ಬಂದ ಚೂರುಗಳಿಗೆ ಕಿವಿಗೊಡಿ. ಸೋಡಾ ಬಾಟಲಿ ತೆರೆದ ಹಾಗೆ ಚಿಟಿಚಿಟಿ ಅನ್ನುತ್ತಿರುತ್ತವೆ. ಹಿಮವಾಗಿ ಬಿದ್ದ ಕಾಲದಿಂದ ಒತ್ತಡದಲ್ಲಿ ಸಿಕ್ಕಿದ್ದ ಗಾಳಿ, ಮಂಜು ಕರಗಿದಾಗ ಸಿಡಿದು ಹೊರಬರುವ ಸದ್ದು ಅದು. ನೀರಿನೊಳಗೆ ಇದು ಎಷ್ಟು ಜೋರೆಂದರೆ, ಹಿಮನದಿಯಿರುವ ಇಂಥ ಕೊಲ್ಲಿಗಳನ್ನು ಸಮುದ್ರದ ಅತಿ ಗದ್ದಲದ ಜಾಗಗಳಲ್ಲಿ ಸೇರಿಸಿದ್ದಾರೆ. ಈ ಗದ್ದಲದಲ್ಲಿ ಸೀಲ್‌ಗಳನ್ನು ಬೇಟೆಯಾಡುವ ಓರ್ಕಾ ಎಂಬ ಕಡಲಪ್ರಾಣಿಗಳಿಗೆ ಅವುಗಳ ಸುಳಿವು ಸಿಗುವುದು ಕಷ್ಟ ಎಂದು ವಿಜ್ಞಾನಿಗಳು ಊಹಿಸುತ್ತಾರೆ.

ಸೀಲ್‌ಗಳಿಗೆ ತೇಲುವ ಮಂಜೇ ಹೆರಿಗೆಯ ಜಾಗ. ಅವು ಹೆಚ್ಚಾಗಿ ಸೇರುವುದು ಜಾನ್ಸ್ ಹಾಪ್ಕಿನ್ಸ್ ಕವಲಿನಲ್ಲಿ. ಹಡಗು ಹತ್ತಿರ ಬಂದರೆ ತಾಯಿ ಹೆದರಿ ನೀರಿಗೆ ಧುಮುಕುತ್ತದೆ. ಎಳೆಯ ಮರಿ ಒಂಟಿಯಾಗುತ್ತದೆ, ಅಥವಾ ತಾನೂ ನೀರಿಗೆ ಬಿದ್ದು ಮೈಯ ಶಾಖ ಕಳೆದುಕೊಳ್ಳುತ್ತದೆ. ಅದಕ್ಕೇ ಮೇ ಮತ್ತು ಜೂನ್‌ನಲ್ಲಿ ಆ ಕವಲು ಎಲ್ಲ ಹಡಗುಗಳಿಗೂ ಬಂದ್. ಜುಲೈ, ಆಗಸ್ಟ್‌ನಲ್ಲಿ ಸಣ್ಣ ಹಡಗುಗಳು ಸೀಲ್‌ಗಳಿಂದ ದೂರ ಕಾಯ್ದುಕೊಂಡು ಹೋಗಬಹುದು. ಕ್ರೂಸ್ ಹಡಗುಗಳಿಗೆ ದಾರಿ ತೆರೆಯುವುದು ಸೆಪ್ಟೆಂಬರ್‌ನಲ್ಲಿ.

ಹೊರಡುವ ಮೊದಲು

ಸೀಸನ್ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ. ತಿಮಿಂಗಿಲ ಮುಖ್ಯ ಅಂದರೆ ಜೂನ್ ಕೊನೆಯಿಂದ ಆಗಸ್ಟ್ ಒಳ್ಳೆಯದು. ಜಾನ್ಸ್ ಹಾಪ್ಕಿನ್ಸ್ ನೋಡಲೇಬೇಕು ಅಂದರೆ ಸಣ್ಣ ಹಡಗಿನಲ್ಲಿ ಜುಲೈ ನಂತರ, ದೊಡ್ಡದರಲ್ಲಿ ಸೆಪ್ಟೆಂಬರ್. ಸೆಪ್ಟೆಂಬರ್‌ನಲ್ಲಿ ಮಳೆ ಜಾಸ್ತಿ. ಬೇಸಿಗೆಯಲ್ಲೂ ಮಳೆ ಬಿಡುವುದಿಲ್ಲ. ಹಿಮದ ಮೇಲಿಂದ ಬೀಸುವ ಗಾಳಿ ಮೂಳೆ ಕೊರೆಯುತ್ತದೆ. ನೀರು ಒಳಬಿಡದ ಜಾಕೆಟ್, ಒಳಗೆ ಉಣ್ಣೆ, ಟೋಪಿ, ಕೈಗವಸು ಇರಲಿ. ಒಂದು ಬೈನಾಕ್ಯುಲರ್ ಇರಲೇಬೇಕು. ದೂರದ ಬಂಡೆಯ ಮೇಲಿನ ಕರಡಿ ಬರಿಗಣ್ಣಿಗೆ ಬರೀ ಕಂದು ಚುಕ್ಕೆ.

ಬುಕ್ ಮಾಡುವಾಗ ಟ್ರಾವೆಲ್ ಏಜೆಂಟ್ ಹತ್ತಿರ ಮೂರು ವಿಷಯ ಬಾಯಿಬಿಟ್ಟು ಕೇಳಿ. ಹಡಗಿಗೆ ಗ್ಲೇಸಿಯರ್ ಬೇ ಒಳಗೆ ಹೋಗುವ ಪರ್ಮಿಟ್ ನಿಮ್ಮ ತಾರೀಖಿಗೆ ಇದೆಯಾ? ಒಳಗೆ ಎಷ್ಟು ಹೊತ್ತು ಇರುತ್ತದೆ? ದಡಕ್ಕೆ ಇಳಿಸುತ್ತಾರಾ? ಅಲಾಸ್ಕಾ ಪ್ರವಾಸ ಎಂದು ಮಾರುವ ಎಷ್ಟೋ ಹಡಗುಗಳು ಈ ಕೊಲ್ಲಿಗೆ ಹೋಗುವುದೇ ಇಲ್ಲ. ಬೇರೆ ಹಿಮನದಿ ತೋರಿಸಿ ಬರುತ್ತವೆ. ಅವೂ ಚೆನ್ನಾಗಿಯೇ ಇರುತ್ತವೆ, ಆದರೆ ಇನ್ನೂರು ವರ್ಷದ ಕಾಡನ್ನು ಹಿಂದುಮುಂದಾಗಿ ನೋಡುತ್ತಾ ಹೋಗುವ ಆ 105 ಕಿ.ಮೀ. ದಾರಿ ಇರುವುದು ಇಲ್ಲಿ.